ಶುಕ್ರವಾರದ ಸೇವಕಿ

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಚಿತ್ತಾಪುರದ ಆ ಖಾಸಗಿ ಕಾಲೇಜಿನ ಮೂಲೆಯ ಕೋಣೆಗೆ ಇಂಗ್ಲೆಂಡ್ ಬಂದಿಳಿಯುತ್ತಿತ್ತು. ಕಿಟಕಿಗಳಿಗೆ ಹಳೆಯ ಚಾದರ ಕಟ್ಟಿ ಪ್ರೊಜೆಕ್ಟರ್ ಹಚ್ಚಿದರೆ ಸಾಕು, ಹೊರಗೆ ತಲೆ ಸೀಳುವ ಬಿಸಿಲಿದ್ದರೂ ಒಳಗೆ ಗೋಡೆಯ ಮೇಲೆ ಮಂಜು ಬೀಳುತ್ತಿತ್ತು. ನೂರು ವರ್ಷ ಹಿಂದಿನ ದೊಡ್ಡ ಮನೆಗಳು, ಕುದುರೆ ಗಾಡಿ, ನೆಲ ಗುಡಿಸುವ ಗೌನುಗಳು, ಬೆಳ್ಳಿ ತಟ್ಟೆಯಲ್ಲಿ ಬರುವ ಕಾಗದಗಳು. ಬಿ.ಎ. ಕೊನೆಯ ವರ್ಷದ ಮೂವತ್ತು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಇಂಗ್ಲಿಷ್ ಉಪನ್ಯಾಸಕಿ ಶೈಲಶ್ರೀಗೆ ಈ ಕ್ಲಾಸಿನ ಮೇಲೆ ಎಲ್ಲಿಲ್ಲದ ಅಭಿಮಾನ. ಬ್ರಿಟಿಷರ ಐತಿಹಾಸಿಕ ಧಾರಾವಾಹಿಯ ಒಂದು ದೃಶ್ಯ ತೋರಿಸುವುದು, ನಿಲ್ಲಿಸುವುದು, ಅದನ್ನೇ ಮಕ್ಕಳಿಂದ ಆಡಿಸುವುದು. ಉಚ್ಚಾರ, ಚರಿತ್ರೆ, ನಡೆನುಡಿ ಎಲ್ಲವೂ ಒಂದೇ ಏಟಿಗೆ. ಜಿಲ್ಲೆಯಲ್ಲಿ ಹೀಗೆ ಕಲಿಸುವವರು ಇನ್ನೊಬ್ಬರಿಲ್ಲ ಎಂದು ಪ್ರಾಂಶುಪಾಲ ಅಮೃತಪ್ಪನವರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು.

ಪಾತ್ರ ಹಂಚುವುದೂ ಶೈಲಶ್ರೀಯ ಕೈಯಲ್ಲೇ ಇತ್ತು. ಎತ್ತರದ ಉದಯಕುಮಾರ ಯಾವಾಗಲೂ ಲಾರ್ಡ್. ಬೆಳ್ಳಗಿನ ಹುಡುಗಿಯರು ಸರದಿಯ ಮೇಲೆ ಲೇಡಿ. ವಾಡಿ ಕಡೆಯ ಕಲ್ಲಿನ ಖಣಿಯ ಗುಡಿಸಲುಗಳಿಂದ ರೈಲಿಗೆ ಬರುತ್ತಿದ್ದ ದಾನಮ್ಮ ಎರಡು ವರ್ಷದಿಂದ ಸೇವಕಿ. ಕ್ಯಾಂಟೀನಿನ ಸ್ಟೀಲ್ ತಟ್ಟೆ ಹಿಡಿದು ಬಾಗಿಲ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು, ನೆಲ ನೋಡಬೇಕು, ಕರೆದಾಗ "ಎಸ್, ಮೈ ಲೇಡಿ" ಎನ್ನಬೇಕು. ಅವಳ ಪಾಲಿನ ಇಂಗ್ಲಿಷ್ ಅಷ್ಟೇ. ಅವಳು ತಟ್ಟೆ ಹಿಡಿದು ಎದ್ದರೆ ಹಿಂದಿನ ಬೆಂಚಿನಲ್ಲಿ ಯಾರಾದರೂ ಸಿಳ್ಳೆ ಹಾಕುತ್ತಿದ್ದರು. ಕ್ಲಾಸ್ ಮುಗಿದ ಮೇಲೂ "ಏ ಸೇವಕಿ, ಚಹಾ ತಾ" ಎನ್ನುವುದು ರೂಢಿಯಾಗಿಬಿಟ್ಟಿತ್ತು. ಶೈಲಶ್ರೀಗೆ ಅದು ಗೊತ್ತಿತ್ತು. ಹುಡುಗರು ತಮಾಷೆ ಮಾಡುತ್ತಾರೆ, ಮಾಡಲಿ ಎಂದು ಬಿಟ್ಟಿದ್ದಳು.

ಒಮ್ಮೆ ದಾನಮ್ಮ ಬಾಯಿ ಬಿಟ್ಟು ಕೇಳಿದ್ದಳು.

"ಮೇಡಂ, ಒಂದೇ ಒಂದು ಸಲ ನಾ ಲೇಡಿ ಆಗ್ಲೇನ್ರಿ? ಮೊಬೈಲ್‌ನಾಗ ಎಲ್ಲಾ ಭಾಗ ನೋಡೀನ್ರಿ. ಅಕಿ ಮಾತೆಲ್ಲ ನನಗ ಬಾಯಿಪಾಠ ಅದಾವ."

"ಕನ್ನಡಿ ನೋಡ್ಕೊಂಡು ಬಂದೀಯೇನು?" ಎಂದಳು ಶೈಲಶ್ರೀ.

ಕೋಣೆಗೆ ಕೋಣೆಯೇ ನಕ್ಕಿತು. ನಗೆ ನಿಂತ ಮೇಲೆ ಶೈಲಶ್ರೀ ಸಮಾಧಾನದ ದನಿಯಲ್ಲಿ ಹೇಳಿದಳು, "ಪಾತ್ರ ಅಂದ್ರ ಪಾತ್ರ ದಾನಮ್ಮ. ಯಾರಿಗೆ ಯಾವುದು ಒಪ್ತದೋ ಅದನ್ನ ಕೊಡಬೇಕಾಗ್ತದ. ನೀ ಎಷ್ಟು ಚಂದ ನಿಂದರ್ತಿ ನೋಡು, ಹಂಗ ನಿಂದ್ರಲಿಕ್ಕೆ ಇಲ್ಲಿ ಯಾರಿಗೂ ಬರಂಗಿಲ್ಲ." ಎರಡು ವರ್ಷದಲ್ಲಿ ಆ ಹುಡುಗಿಗೆ ಸಿಕ್ಕ ಹೊಗಳಿಕೆ ಅದೊಂದೇ. ಅವಳು ಅದನ್ನು ನಿಜವೆಂದೇ ನಂಬಿದಳು.

ಹಾಗೆ ನೋಡಿದರೆ ಶೈಲಶ್ರೀ ಹುಟ್ಟು ಲೇಡಿಯೇನೂ ಅಲ್ಲ. ಅವಳ ತಾಯಿ ಸೂಗಮ್ಮ ಶಹಾಬಾದಿನಲ್ಲಿ ಒಬ್ಬ ಸಾಹೇಬರ ಬಂಗಲೆಯಲ್ಲಿ ಹದಿನೆಂಟು ವರ್ಷ ಕಸಮುಸುರೆ ಮಾಡಿದವಳು. ತಾಯಿ ನೆಲ ಒರೆಸುವಾಗ ಮಗಳು ಹೊಸ್ತಿಲ ಹೊರಗೆ ಕುಳಿತು ಒಳಗಿನ ಟೀವಿಯಲ್ಲಿ ಇಂಥವೇ ಧಾರಾವಾಹಿಗಳನ್ನು ನೋಡಿ ಇಂಗ್ಲಿಷ್ ಕಲಿತಿದ್ದಳು. ಕಾಲೇಜಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಗೊತ್ತಾಗದಂತೆ ಅವಳು ಮೈಯೆಲ್ಲ ಕಣ್ಣಾಗಿ ಕಾಯ್ದುಕೊಂಡಿದ್ದಳು.

ಒಂದು ಸಂಜೆ ಕ್ಲಾಸಿನ ವಿಡಿಯೊವನ್ನು ತಾಯಿಗೆ ತೋರಿಸಿದಳು. ಸೂಗಮ್ಮ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಈ ತಟ್ಟಿ ಹಿಡ್ದ ಪೋರಿ ಯಾರದು?"

"ನನ್ನ ಸ್ಟೂಡೆಂಟ್. ಖಣಿ ಕಡಿಯಾಕಿ."

"ಯಾಕ ಎಲ್ಲಾರೂ ಅಕೀಗ ನೋಡಿ ನಗ್ಲಿಕತ್ತಾರ?"

"ಅದು ನಾಟಕ ಅವ್ವಾ. ನಿನಗ ತಿಳ್ಯಂಗಿಲ್ಲ."

ಸೂಗಮ್ಮ ಮೊಬೈಲನ್ನು ಮಗಳ ಕೈಗೆ ಕೊಟ್ಟಳು. "ನಾ ಹದಿನೆಂಟು ವರ್ಷ ಖರೇನೇ ನಿಂತೀನಿ. ಬೈದಾರ, ಒಮ್ಮೊಮ್ಮೆ ಹಳಸಿದ್ದು ತಿನ್ನು ಅಂತ ಕೊಟ್ಟಾರ. ಆದ್ರ ನನ್ನ ನಿಂದರ್ಸಿ ಯಾರೂ ನಕ್ಕಿಲ್ಲ."

ಶೈಲಶ್ರೀಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಮುಸುರಿ ಕಥಿ ನನಗ ಮತ್ತ ಹೇಳಬ್ಯಾಡ" ಎಂದು ಎದ್ದು ಹೋದಳು.

ಮಾರ್ಚಿನಲ್ಲಿ ಕಲಬುರಗಿಯಿಂದ ಒಂದು ಸಂಸ್ಥೆಯವರು ಬರುವ ಸುದ್ದಿ ಬಂತು. ಹಳ್ಳಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ನಾಲ್ವರನ್ನು ಆರಿಸುತ್ತಾರೆ. ಎರಡು ವರ್ಷ ತರಬೇತಿ, ಹಾಸ್ಟೆಲ್, ಆಮೇಲೆ ಕೆಲಸ. ಲಿಖಿತ ಪರೀಕ್ಷೆಯಲ್ಲಿ ದಾನಮ್ಮ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಾಗ ಶೈಲಶ್ರೀಗೆ ಖುಷಿಗಿಂತ ಕಸಿವಿಸಿಯೇ ಹೆಚ್ಚಾಯಿತು. ಉಳಿದದ್ದು ಸಂದರ್ಶನ. ಅದರಲ್ಲಿ ಕೈಬಿಟ್ಟು ಹೋದರೆ ಐನಾಪುರದ ಸೋದರಮಾವನ ಜೊತೆ ದಾನಮ್ಮನ ಮದುವೆ. ಅವನಿಗೆ ಮೂವತ್ತೊಂಬತ್ತು ವರ್ಷ, ಮೊದಲ ಹೆಂಡತಿ ತೀರಿಹೋಗಿದ್ದಳು. ಯುಗಾದಿಯ ನಂತರದ ಒಂದು ಸೋಮವಾರ ಮುಹೂರ್ತ ಆಗಲೇ ನಿಗದಿಯಾಗಿತ್ತು.

"ಮೇಡಂ, ಸಂದರ್ಶನದಾಗ ಹ್ಯಾಂಗ ಇರ್ಬೇಕ್ರಿ?" ಎಂದು ಅವಳು ಸ್ಟಾಫ್ ರೂಮಿಗೆ ಬಂದು ಕೇಳಿದಳು. ಶೈಲಶ್ರೀ ಆಗ ಉದಯಕುಮಾರನನ್ನು ತಯಾರು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

"ನೀ ಕ್ಲಾಸಿನಾಗ ಹ್ಯಾಂಗ ಇರ್ತೀಯೋ ಹಂಗೇ ಇರು. ಸಾಕು."

ಸಂದರ್ಶನದ ದಿನ ಮೇಜಿನ ಆಚೆ ಮೂವರು ಕುಳಿತಿದ್ದರು: ಸಂಸ್ಥೆಯ ಮುಖ್ಯಸ್ಥೆ ಉಮಾದೇವಿ, ಅವರ ಸಹಾಯಕ, ಕಾಲೇಜಿನ ಪರವಾಗಿ ಶೈಲಶ್ರೀ. ಉದಯಕುಮಾರ ಕಾಲು ಚಾಚಿ ಕುಳಿತು ಲಾರ್ಡ್‌ನಂತೆಯೇ ಮಾತಾಡಿ ಹೋದ. ಅವನ ನಂತರ ದಾನಮ್ಮ ಬಂದಳು. ಬಂದವಳು ಬಾಗಿಲ ಪಕ್ಕದ ಗೋಡೆಗೆ ಬೆನ್ನು ಹಚ್ಚಿ, ಕೈ ಕಟ್ಟಿ, ನೆಲ ನೋಡುತ್ತ ನಿಂತಳು.

ಕೂಡಲು ಹೇಳಿದರು. ಅವಳು ಕೂಡಲಿಲ್ಲ. ಮತ್ತೊಮ್ಮೆ ಹೇಳಿದರು. "ನೋ, ಮ್ಯಾಮ್. ಥ್ಯಾಂಕ್ ಯೂ, ಮ್ಯಾಮ್" ಎಂದಳು. ಮಕ್ಕಳಿಗೆ ಏನು ಕಲಿಸುತ್ತೀ ಎಂದರೆ "ಎಸ್, ಮ್ಯಾಮ್." ಯಾಕೆ ಈ ಕೆಲಸ ಬೇಕು ಎಂದರೂ "ಎಸ್, ಮ್ಯಾಮ್." ನಾಲ್ಕು ನಿಮಿಷಕ್ಕೆ ಕಳುಹಿಸಿಬಿಟ್ಟರು.

"ಬರೆಯೋದ್ರಾಗ ಚಲೋ ಇದ್ದಾಳ. ಆದ್ರ ಮಕ್ಕಳ ಮುಂದ ಇಕಿಗೆ ಬಾಯೇ ಬರಂಗಿಲ್ಲ" ಎಂದು ಸಹಾಯಕ ಅವಳ ಹೆಸರಿನ ಮುಂದೆ ಗೆರೆ ಎಳೆದ. ಶೈಲಶ್ರೀ ಮುಂದಿನ ಹೆಸರು ಕೂಗಿದಳು.

ಚಹಾದ ವೇಳೆಗೆ ಹೊರಗೆ ಬಂದರೆ ದಾನಮ್ಮ ಜಗುಲಿಯ ಮೇಲೆ ಕಾಯುತ್ತಿದ್ದಳು. ಮುಖದಲ್ಲಿ ಖುಷಿ ತುಳುಕುತ್ತಿತ್ತು.

"ಮೇಡಂ, ಸರಿ ನಿಂತಿದ್ನೆಲ್ರಿ? ಒಂದು ಸಲಾನೂ ತಲಿ ಎತ್ತಿಲ್ರಿ. ಅವ್ರು ಎರಡು ಸಲ ಕುಂದ್ರು ಅಂದ್ರು, ಆದ್ರೂ ಕುಂತಿಲ್ರಿ. ನೀವು ಹೇಳಿದ್ರೆಲ್ಲಾ, ಕ್ಲಾಸಿನಾಗ ಇದ್ದಂಗೇ ಇರು ಅಂತ."

ಶೈಲಶ್ರೀಯ ಕೈಯಲ್ಲಿದ್ದ ಚಹಾ ಅಲ್ಲೇ ತಣ್ಣಗಾಯಿತು. ಹುಡುಗಿ ಅಣಕಿಸುತ್ತಿದ್ದರೆ, ಬೈದಿದ್ದರೆ, ತಡೆದುಕೊಳ್ಳಬಹುದಿತ್ತು. ಇವಳೋ ಮೇಡಂ ಶಾಬಾಷ್ ಎನ್ನಲಿ ಎಂದು ಕಾಯುತ್ತಿದ್ದಳು. ತಾನೇನು ಮಾಡಿಬಿಟ್ಟೆ ಎಂಬುದು ಶೈಲಶ್ರೀಗೆ ಆಗ ತಿಳಿಯಿತು.

ಅವಳು ಒಳಗೆ ಹೋಗಿ ದಾನಮ್ಮನಿಗೆ ಇನ್ನೊಂದು ಅವಕಾಶ ಕೊಡಿ ಎಂದು ಕೇಳಿದಳು.

"ಸುಮ್ಮನೆ ಕೊಡ್ಲಿಕ್ಕೆ ಬರಂಗಿಲ್ರಿ ಮೇಡಂ" ಎಂದರು ಉಮಾದೇವಿ. "ಕಾರಣ ಬರೆದು ಸಹಿ ಮಾಡಿ ಕೊಡ್ರಿ. ಅದರ ಪ್ರತಿ ನಿಮ್ಮ ಆಡಳಿತ ಮಂಡಳಿಗೂ ಹೋಗ್ತದ, ನೆನಪಿರ್ಲಿ."

ಅತಿಥಿಗಳ ಜೊತೆ ಚಹಾಕ್ಕೆ ಬಂದು ಕುಳಿತಿದ್ದ ಅಮೃತಪ್ಪನವರು ಶೈಲಶ್ರೀಯನ್ನು ಬಾಗಿಲಾಚೆ ಕರೆದು ದನಿ ತಗ್ಗಿಸಿದರು. "ನಿಮಗ ಹುಚ್ಚು ಹಿಡ್ದದೇನ್ರಿ? ನಿಮ್ಮ ನೌಕರಿ ಇನ್ನೂ ಕಾಯಂ ಆಗಿಲ್ಲ. ಒಂದು ಪೋರಿ ಸಲುವಾಗಿ ಕಾಲೇಜಿನ ಮಾನ ಕಳೀತೀರೇನು?"

"ಅಕೀ ಮಾನ ಹೋಗೇ ಬಿಟ್ಟದ್ರಿ ಸರ್" ಎಂದು ಶೈಲಶ್ರೀ ಒಳಗೆ ಹೋಗಿ ಕಾಗದ ಎಳೆದುಕೊಂಡಳು. "ಈ ವಿದ್ಯಾರ್ಥಿನಿ ನಿಂತದ್ದು ದಡ್ಡತನದಿಂದಲ್ಲ. ಎರಡು ವರ್ಷ ಅವಳಿಗೆ ನಾನು ಸೇವಕಿಯ ಪಾತ್ರವೊಂದನ್ನೇ ಕೊಟ್ಟು, ನಿಲ್ಲುವುದನ್ನಷ್ಟೇ ಕಲಿಸಿದ್ದೇನೆ" ಎಂದು ಬರೆದು ಸಹಿ ಹಾಕಿದಳು.

ದಾನಮ್ಮನನ್ನು ಮತ್ತೆ ಕರೆದರು. ಉಮಾದೇವಿ ಆ ಕಾಗದವನ್ನು ಅವಳ ಕೈಗೇ ಕೊಟ್ಟರು. ಅವಳು ಓದಿದಳು, ಇನ್ನೊಮ್ಮೆ ಓದಿದಳು. ಮುಖದ ಮೇಲಿನ ಖುಷಿ ಇಷ್ಟಿಷ್ಟೇ ಆರಿತು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತಳು.

"ಇದು ನಿಜವೇ?" ಎಂದು ಉಮಾದೇವಿ ಇಂಗ್ಲಿಷಿನಲ್ಲಿ ಕೇಳಿದರು.

"ನಿಜ. ಆದರೆ ಪೂರ್ತಿ ಅಲ್ಲ" ಎಂದಳು ದಾನಮ್ಮ, ಅವಳೂ ಇಂಗ್ಲಿಷಿನಲ್ಲೇ. ಆಮೇಲೆ ಉಳಿದದ್ದನ್ನೆಲ್ಲ ಹೇಳಿದಳು: ಸಿಳ್ಳೆ, ಚಹಾ, ಕನ್ನಡಿಯ ಮಾತು, ಆ ದಿನ ಮೇಡಂ ಯಾವ ಸೀರೆ ಉಟ್ಟಿದ್ದರು ಎಂಬುದೂ. ಎಲ್ಲೂ ತಡವರಿಸಲಿಲ್ಲ, ದನಿ ಏರಿಸಲಿಲ್ಲ. ಇಷ್ಟು ತಿಳಿಯಾದ ಇಂಗ್ಲಿಷನ್ನು ಆ ಕಾಲೇಜಿನಲ್ಲಿ ಶೈಲಶ್ರೀ ಎಂದೂ ಕೇಳಿರಲಿಲ್ಲ. ಅದು ತನ್ನನ್ನೇ ಸಿಗಿಯುತ್ತಿದ್ದರೂ ಎದ್ದು ಹೋಗುವಂತಿರಲಿಲ್ಲ, ಅಂಕ ಬರೆಯಬೇಕಿತ್ತು.

ಮಕ್ಕಳಿಗೆ ಹೇಗೆ ಕಲಿಸುತ್ತೀ ಎಂದು ಸಹಾಯಕ ಕೇಳಿದ. "ಧಾರಾವಾಹಿಗಳನ್ನೇ ತೋರಿಸ್ತೇನೆ, ಅವು ಒಳ್ಳೆಯವು" ಎಂದಳು. "ಎಲ್ಲರಿಗೂ ಎಲ್ಲಾ ಪಾತ್ರ ಕೊಡ್ತೇನೆ."

ಕೊನೆಗೆ ಉಮಾದೇವಿ ಕಾಗದಗಳನ್ನು ಜೋಡಿಸುತ್ತ ಕನ್ನಡದಲ್ಲಿ ಕೇಳಿದರು, "ನಿಮ್ಮ ಮೇಡಂಗೆ ಕ್ಷಮಾ ಮಾಡ್ತೀಯೇನಮ್ಮ?"

ದಾನಮ್ಮ ಶೈಲಶ್ರೀಯ ಮುಖವನ್ನು ನೇರವಾಗಿ ನೋಡಿದಳು.

"ಇದು ಸಂದರ್ಶನದ ಪ್ರಶ್ನೆ ಏನ್ರಿ?"

"ಅಲ್ಲ."

"ಹಂಗಾರ ಉತ್ತರ ಹೇಳಂಗಿಲ್ರಿ" ಎಂದು ಎದ್ದು, ಕುರ್ಚಿಯನ್ನು ಮೇಜಿಗೆ ಸರಿಸಿ ಹೊರಗೆ ನಡೆದಳು.

ಸಂಜೆ ಅಂಟಿಸಿದ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಶೈಲಶ್ರೀ ಹೇಳಿಕೆ ಕೊಡಬೇಕೆಂಬ ಆಡಳಿತ ಮಂಡಳಿಯ ನೋಟಿಸೂ ಅದೇ ಹೊತ್ತಿಗೆ ಬಂತು. ಮನೆಗೆ ಬಂದವಳು ಚಪ್ಪಲಿ ಬಿಟ್ಟು, ರೊಟ್ಟಿ ಬಡಿಯುತ್ತಿದ್ದ ತಾಯಿಯ ಎದುರು ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ಸೂಗಮ್ಮ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಆ ಪೋರಿ ಕೆಲಸ?"

"ಆಯ್ತು."

"ನಿನ್ನ ಕ್ಷಮಾ ಮಾಡಿದ್ಳೇನು?"

"ಇಲ್ಲ."

"ಚಲೋ ಮಾಡಿದ್ಳು" ಎಂದಳು ಸೂಗಮ್ಮ.