ಕಂಡಿಕೆಯ ನೂಲು ಮುಗಿಯುವ ಮುಂಚೆ

ವಿನೋದಿನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೂರು ತಿಂಗಳು ಕೂತು ಕಟ್ಟಿದ ಪುಟ್ಟ ಬ್ರೌಸರನ್ನು ಬಾವ ಸೆಲ್ವಕುಮಾರ್ ಎರಡು ನಿಮಿಷ ನೋಡಿ, "ಎಂಜಿನ್ ಸರಿಯಿಲ್ಲ, ದೊಡ್ಡದು ಹಾಕು" ಅಂದುಬಿಟ್ಟಿದ್ದ. ಎಂಜಿನ್ ಅಂದರೆ ಬ್ರೌಸರಿನೊಳಗೆ ಕೂತು ವೆಬ್ ಪುಟವನ್ನು ತೆರೆಯ ಮೇಲೆ ಬಿಡಿಸುವ ಭಾಗ. ಪಟ್ಟಣದ ಗಣಪತಿ ಬಡಾವಣೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ಮಹಾರಾಯ. ಅವನ ತೊಡೆಯ ಮೇಲಿದ್ದದ್ದು ಹೊಸ ಲ್ಯಾಪ್‌ಟಾಪ್. ಸೋಮನೂರಿನ ಈ ಮಗ್ಗದ ಶೆಡ್ಡಿನಲ್ಲಿದ್ದದ್ದು ಹತ್ತಿ ಧೂಳು ಕುಡಿದ ಹಳೇ ಡಬ್ಬ ಕಂಪ್ಯೂಟರ್.

ನೇಕಾರರ ಸಂಘ ಪ್ರತಿ ಶನಿವಾರ ಹತ್ತಕ್ಕೆ ತನ್ನ ವೆಬ್ ಪುಟದಲ್ಲಿ ಪಾವು ಹಂಚುತ್ತದೆ. ಪಾವು ಅಂದರೆ ಮಗ್ಗಕ್ಕೇರಿಸುವ ಹಾಸು ನೂಲು. ಮೊದಲು ಗುಂಡಿ ಒತ್ತಿದವರಿಗೆ ಸಿಕ್ಕಿತು, ಉಳಿದವರಿಗೆ ಇಲ್ಲ. ವಿನೋದಿನಿಯ ತಾಯಿ ವಿಜಯಕುಮಾರಿ ಒಬ್ಬಳೇ ಆರು ವಿದ್ಯುತ್ ಮಗ್ಗ ನೋಡಿಕೊಳ್ಳುತ್ತಾಳೆ. ನಿಮಿಷಕ್ಕೊಮ್ಮೆ ಯಾವುದಾದರೊಂದು ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿಯುತ್ತದೆ. ಅಷ್ಟರಲ್ಲಿ ಅವಳು ಅಲ್ಲಿರಬೇಕು. ಹೋದ ಎರಡು ಶನಿವಾರವೂ ಪುಟ ತೆರೆಯುವ ಹೊತ್ತಿಗೆ ಪಾವು ಖಾಲಿಯಾಗಿತ್ತು. ಇವತ್ತೂ ತಪ್ಪಿದರೆ ಸಂಜೆಯಿಂದ ಆರೂ ಮಗ್ಗ ನಿಲ್ಲುತ್ತವೆ.

"ದೊಡ್ಡ ಎಂಜಿನ್ನೇ ಇರ್ಲಿ, ಊರೆಲ್ಲ ಅದೇ ಇಟ್ಕೊಂಡಿಲ್ವಾ?" ಎಂದರು ಮಾಮ ರಾಮಲಿಂಗಂ. ಅವರು ವಿಜಯಕುಮಾರಿಯ ಅಣ್ಣ, ಸಂಘದ ತಲೈವರು ಅಂದರೆ ಅಧ್ಯಕ್ಷರು, ಸೆಲ್ವಕುಮಾರನ ತಂದೆ. ಮಗ್ಗದ ಮುಂದೆ ನಿಂತಿದ್ದ ವಿಜಯಕುಮಾರಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ.

"ಬಾಯಿಮಾತು ಸಾಕು ಮಾಮ, ಎರಡನ್ನೂ ಇಲ್ಲೇ ಓಡಿಸಿ ನೋಡೋಣ" ಎಂದಳು ವಿನೋದಿನಿ.

ಒಂಬತ್ತೂವರೆ ಆಗಿತ್ತು. ಮೊದಲು ದೊಡ್ಡ ಎಂಜಿನ್. ತೆರೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಮೂರನೆಯ ಮಗ್ಗ ನಿಂತಿತು. ವಿಜಯಕುಮಾರಿ ಓಡಿಹೋಗಿ ಕಂಡಿಕೆ ಬದಲಿಸಿ ಬಂದರೂ ಚಕ್ರ ನಿಂತಿರಲಿಲ್ಲ. ಆಮೇಲೆ ವಿನೋದಿನಿಯ ಚಿಕ್ಕ ಎಂಜಿನ್. ಪುಟ ಚಕ್ಕನೆ ತೆರೆಯಿತು, ಆದರೆ ಒತ್ತುವ ಗುಂಡಿಯೇ ಬರಲಿಲ್ಲ.

"ನೋಡ್ದ್ಯಾ? ಬರೀ ಓಟ, ಕೆಲಸ ಇಲ್ಲ!" ಸೆಲ್ವಕುಮಾರ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಹಲ್ಲು ಕಚ್ಚಿಕೊಂಡು ಅವಳು ಪುಟದ ಕೋಡ್ ತೆರೆದಳು. ಥೂ! ಮೇಲ್ಗಡೆ ಮಾಲೆ ಹಾಕಿಕೊಂಡ ಮಾಮನ ಫೋಟೋ. ಅದು ತೇಲಿಬಂದು, ಸುತ್ತು ತಿರುಗಿ, ಹೂ ಉದುರಿಸಿ ಮುಗಿಸಿದ ಮೇಲೆಯೇ ಗುಂಡಿ ಕಾಣಿಸುವಂತೆ ಬರೆದಿತ್ತು. ಬರೆದವನು ಸೆಲ್ವಕುಮಾರನೇ. ಅಷ್ಟು ಕುಣಿತಕ್ಕೆ ದೊಡ್ಡ ಎಂಜಿನ್ ಬೇಕಿತ್ತು, ಪಾವಿಗಲ್ಲ. ಮೂರು ತಿಂಗಳು ಅನ್ನ ನಿದ್ದೆ ಬಿಟ್ಟು ಕಟ್ಟಿದ್ದನ್ನು ಈ ಕುಣಿತಕ್ಕಾಗಿ ಸರಿಯಿಲ್ಲ ಅನ್ನಿಸಿಕೊಂಡಿದ್ದಳಲ್ಲ!

"ಅಮ್ಮಾ! ಮಾಮನ ಫೋಟೋ ಕುಣಿಬೇಕಂತೆ, ಅದಕ್ಕೇ ದೊಡ್ಡ ಎಂಜಿನ್ನಂತೆ!" ಎಂದು ಕಿರುಚಿದಳು.

ಮಗ್ಗಗಳ ನಡುವೆ ನಿಂತವರಿಗೆ ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ವಿಜಯಕುಮಾರಿ ಮಗಳ ತುಟಿ ನೋಡಿಯೇ ಅರ್ಥಮಾಡಿಕೊಂಡಳು. ಗೋಡೆಯ ಬಳಿ ಹೋಗಿ ಮೇನ್ ಸ್ವಿಚ್ಚನ್ನು ಎಳೆದಳು. ಆರೂ ಮಗ್ಗ ಒಮ್ಮೆಲೇ ನಿಂತವು. ಜ್ವರ ಬಂದ ದಿನವೂ ಅವಳು ಹಾಗೆ ನಿಲ್ಲಿಸಿದವಳಲ್ಲ.

"ಅಣ್ಣಾ, ನಿನ್ನ ಮುಖ ಹುಟ್ಟಿದಾಗಿಂದ ನೋಡ್ತಾ ಇದೀನಿ. ಅದನ್ನ ನೋಡಕ್ಕೆ ನನ್ನ ಪೊಳಪ್ಪು, ಈ ಹೊಟ್ಟೆಪಾಡು ನಿಲ್ಲಿಸ್ಬೇಕಾ?" ಅವಳು ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. "ಎರಡು ವಾರ ಪಾವು ತಪ್ಪಿದಾಗ ನನ್ನ ಕೈ ನಿಧಾನ ಅಂತ ನನ್ನನ್ನೇ ಬೈಕೊಂಡೆ. ಈ ಕೈನ ಬೈಕೊಂಡೆ, ಅಣ್ಣಾ."

ರಾಮಲಿಂಗಂ ಮಗನಿಗೆ, "ತೆಗಿಲೇ ಅದನ್ನ" ಎಂದರು.

ಸೆಲ್ವಕುಮಾರ್ ಫೋಟೋ ಅಳಿಸಿ, ಬರೀ ಗುಂಡಿಯನ್ನು ಉಳಿಸಿದ. ಹತ್ತಕ್ಕೆ ಎರಡು ನಿಮಿಷವಿರುವಾಗ ವಿಜಯಕುಮಾರಿ ಮಗ್ಗಗಳನ್ನು ಮತ್ತೆ ಓಡಿಸಿದಳು. ಹತ್ತು ಹೊಡೆಯುತ್ತಲೇ ಅವಳೇ ಮಗಳ ಚಿಕ್ಕ ಎಂಜಿನ್ನಿನಲ್ಲಿ ಪುಟ ತೆರೆದು, ಕೀಲಿಮಣೆ ಮುರಿಯುವಂತೆ ಗುದ್ದಿದಳು. ಪಾವು ಅವಳ ಹೆಸರಿಗೆ ಬಂತು. ಅಣ್ಣನ ಕಡೆ ತಿರುಗಿಯೂ ನೋಡದೆ ಮೂರನೆಯ ಮಗ್ಗಕ್ಕೆ ಹೋದಳು. ಕಂಡಿಕೆಯಲ್ಲಿ ಇನ್ನೂ ನೂಲಿತ್ತು.