ಕೆಂಪು ಗುರುತಿನ ಬಟ್ಟಲು

"ಅತ್ತೇ, ನಿಮ್ಮ ಡಾಕ್ಟರಮ್ಮ ಬಂದಿದ್ದಾರೆ! ಅವರ ಔಷಧಿ ಕೆಲಸ ಮಾಡೋದೇ ನಿಲ್ಲಿಸ್ಬಿಟ್ಟಿದೆಯಂತೆ!"

ಒಂದೇ ಉಸಿರಿಗೆ ಹೇಳಿದ ಸೊಸೆ ನಾಲಿಗೆ ಕಚ್ಚಿಕೊಂಡಳು. ಡಾಕ್ಟರು ಅವಳ ಬೆನ್ನ ಹಿಂದೆಯೇ ಚಪ್ಪಲಿ ಬಿಡುತ್ತಿದ್ದರು.

ಅತ್ತೆ ಇಪ್ಪತ್ತೆರಡು ವರ್ಷ ಡಾಕ್ಟರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದವರು. ಕೆಲಸ ಬಿಟ್ಟು ಆರು ತಿಂಗಳಾಗಿತ್ತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಡಾಕ್ಟರು ಕಂಡುಹಿಡಿದ ಔಷಧಿಯನ್ನು ಬರುವ ತಿಂಗಳು ಮೊದಲ ಸಲ ಆಸ್ಪತ್ರೆಯಲ್ಲಿ ಕೊಡುವುದಿತ್ತು. ಗಾಜಿನ ಬಟ್ಟಲಿನಲ್ಲಿ ಬೆಳೆಸಿದ ರೋಗದ ಕೋಶಗಳು ಔಷಧಿ ಬಿದ್ದ ಎರಡೇ ದಿನಕ್ಕೆ ಸಾಯುತ್ತಿದ್ದವು. ಆರು ತಿಂಗಳಿಂದ ಒಂದೂ ಸತ್ತಿಲ್ಲ.

"ಎಲ್ಲಾ ಬದಲಾಯಿಸಿ ನೋಡಿದೆ ಅಕ್ಕಾ. ಉಳಿದಿದ್ದು ನೀವೊಬ್ರೇ," ಎಂದರು ಡಾಕ್ಟರು.

"ನಾನೇನು ಮಂತ್ರ ಹಾಕ್ತಿದ್ನಾ?"

"ಹೇಗೆ ತೊಳೀತಿದ್ರಿ, ಹೇಳಿ."

"ನೀವು ಹೇಳಿಕೊಟ್ಟ ಹಾಗೇ. ಒಂದ್ಸಲ ಸೋಪು, ಏಳು ಸಲ ನೀರು."

"ಅಯ್ಯೋ, ಸುಳ್ಳು!" ಅಡುಗೆಮನೆಯಿಂದ ಸೊಸೆ ಕೂಗಿದಳು. "ಇಲ್ಲಿ ಕುಡಿಯೋ ಲೋಟಕ್ಕೂ ಎರಡೆರಡು ಸಲ ಸೋಪು ಹಾಕಿಸ್ತಾರೆ. ನನ್ನ ಕೈರೇಖೆ ಎಲ್ಲಾ ಸವೆದುಹೋಯ್ತು. ಇನ್ನು ಜ್ಯೋತಿಷ್ಯದವರೂ ನನ್ನ ಕೈ ನೋಡಲ್ಲ."

"ನೀ ಸುಮ್ನಿರೇ." ಅತ್ತೆ ದನಿ ತಗ್ಗಿಸಿದರು. "ಕೆಂಪು ಗುರುತಿನವಕ್ಕೆ ಮಾತ್ರ... ಔಷಧಿ ಹಾಕೋ ಬಟ್ಲು ಅವು. ಮಕ್ಕಳ ವಿಷಯ ಅಲ್ವಾ ಡಾಕ್ಟರಮ್ಮ? ಕೊನೇಲಿ ಇನ್ನೊಂದ್ಸಲ ಸೋಪುನೀರಲ್ಲಿ ಅದ್ದಿ, ಒಂದು ಸಲ ಜಾಲಿಸಿ ಇಡ್ತಿದ್ದೆ. ಏನು ಹೊಳಪು ಬರ್ತಿತ್ತು ಅಂತೀರಿ!"

"ನೀಲಿ ಗುರುತಿನವಕ್ಕೆ?"

"ಅವಕ್ಕೆ ಔಷಧಿ ಬದಲು ಬರೀ ನೀರು ತಾನೇ ನೀವು ಹಾಕ್ತಿದ್ದಿದ್ದು? ಇನ್ನೊಂದ್ಸಲ ಸೋಪು ಯಾಕೆ ಅಂತ ಬಿಟ್ಬಿಡ್ತಿದ್ದೆ."

ಡಾಕ್ಟರಿಗೆ ಅರ್ಥವಾಯಿತು. ಕೋಶಗಳನ್ನು ಕೊಂದದ್ದು ತಮ್ಮ ಹದಿನೈದು ವರ್ಷದ ಔಷಧಿಯೋ, ಗಾಜಿಗೆ ಅಂಟಿ ಉಳಿದ ಸೋಪೋ, ಎರಡರಲ್ಲಿ ಒಂದು. ಅವರು ಫೋನು ತೆಗೆದು ಆಸ್ಪತ್ರೆಗೆ ಮಾತಾಡಿದರು. "ಯಾರಿಗೂ ಕೊಡ್ಬೇಡಿ. ಕಾರಣ ಬರೆದು ಕಳಿಸ್ತೀನಿ." ಅಷ್ಟೇ.

"ನಾನೇನಾದ್ರೂ ತಪ್ಪು ಮಾಡಿದ್ನಾ?" ಅತ್ತೆ ಕೇಳಿದರು.

"ಬಣ್ಣ ಹಚ್ಚಿದ್ದು ನಾನು. ಯಾವುದು ಯಾವುದಕ್ಕೆ ಅಂತ ನಿಮಗೆ ಹೇಳಿದ್ದೂ ನಾನೇ ಅಕ್ಕಾ. ಹೇಳಬಾರದಿತ್ತು."

ಸೊಸೆ ಟೀ ತಂದಿಟ್ಟು ಒಳಗೆ ಹೋದಳು.

"ನಾಳೆ ಒಂದಿನ ಬರ್ತೀರಾ?" ಡಾಕ್ಟರು ಎದ್ದರು. "ಆಗ ತೊಳೀತಿದ್ದ ಹಾಗೇ ತೊಳೆದುಕೊಡಿ. ಈ ಸಲ ಔಷಧಿ ಹಾಕಲ್ಲ. ಸೋಪೊಂದಕ್ಕೇ ಕೋಶ ಸಾಯ್ತಾವಾ ನೋಡ್ತೀನಿ."

"ಎಷ್ಟೊತ್ತಿಗೆ?"

"ಎಂಟೂವರೆಗೆ."

ಬಾಗಿಲವರೆಗೆ ಹೋಗಿ ಬೀಳ್ಕೊಟ್ಟ ಅತ್ತೆ, ಕಿಟಕಿಯ ಬೆಳಕಿಗೆ ಎರಡೂ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡರು. ಆಮೇಲೆ ಉಗುರು ಕತ್ತರಿಸಿಕೊಳ್ಳಲು ಕೂತರು.