ಊಟದ ಬಿಡುವಿನ ಅಂಗೈ

ಹಂಚು ಒಡೆದಲ್ಲಿಂದ ಇಳಿದ ಬಿಸಿಲು ಅಂಗೈಯ ಅಂಚಿಗೆ ಬಂದಿದೆ, ಗೆರೆಗಳಲ್ಲಿ ಸೀಮೆಸುಣ್ಣ ಕೂತಿದೆ, ತೊಳೆದರೂ ಹೋಗುವುದಿಲ್ಲ, ಮಣಿಕಟ್ಟಿನಲ್ಲಿ ನಾಡಿ ಮಿಡಿಯುತ್ತಿದೆ — ಅದನ್ನು ನೋಡಬೇಕು, ಅದನ್ನಷ್ಟೇ, ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಅಲುಗದಂತೆ, ಊಟದ ಬಿಡುವು ಮುಗಿಯುವವರೆಗೆ. ಬೆಳಗ್ಗೆ ಪೂಜೆಯಲ್ಲಿ ಇದೇ ಅಂಗೈ ಮೇಲೆ ಇಷ್ಟಲಿಂಗ ಇತ್ತು, ಈಗ ಅದು ಸೆರಗಿನ ಒಳಗೆ, ಕೊರಳ ದಾರದಲ್ಲಿ. ಸಾಲ್ಯಾಗ ತಗೀಬ್ಯಾಡ ಎಂದಿದ್ದಾಳೆ ನಾಗವ್ವ ಆಯಿ, ನನ್ನ ಜೊತೆಗಿರಲು ಆಡೂರಿಗೆ ಬಂದಿರುವ ಅಪ್ಪನ ತಾಯಿ, ಎಂಜಲಗೈ ಹುಡುಗ್ರು ಮುಟ್ಟತಾವ, ಬರೇ ಅಂಗೈ ನೋಡು, ಲಿಂಗ ಐತಿ ಅಂತ ತಿಳಕೊಂಡು ನೋಡು, ಸಿಟ್ಟು ಎಲ್ಲಿಂದ ಏಳತೈತಿ ಅನ್ನೂದು ತಾನ ಕಾಣತೈತಿ. ಕಂಡಿದೆ ಆಯಿ, ಎಡಗಿವಿಯ ಹಿಂದಿನಿಂದ. ಒಂದು ಕೋಣೆ, ಮೂರು ಇಯತ್ತೆ, ಒಂದನೆಯದು ಅ ಆ ಕೂಗುತ್ತದೆ, ಎರಡನೆಯದು ಪದ್ಯ, ಮೂರನೆಯದು ಮಗ್ಗಿ, ಮಧ್ಯಾಹ್ನದ ಹೊತ್ತಿಗೆ ಕಿವಿಯ ಹಿಂದೆ ಯಾರೋ ಮೊಳೆ ಬಡಿಯತೊಡಗುತ್ತಾರೆ, ಆಮೇಲೆ ಬಲಗೈ ತಾನಾಗಿ ಛಡಿಯ ಕಡೆಗೆ ಹೋಗುತ್ತದೆ, ಎದುರಿಗೆ ಒಂದು ಸಣ್ಣ ಅಂಗೈ, ಅದು ಯಾರದೆಂದು ಮುಖ ನೋಡುವುದಿಲ್ಲ ನಾನು. ಶಿಗ್ಗಾಂವಿಯ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ತಲ್ಯಾಗ ಏನೂ ಇಲ್ಲವ್ವ ಎಂದರು, ಪಕ್ಕದಲ್ಲಿದ್ದ ಅಪ್ಪ, ಅದಕ್ಕ ಮಾಸ್ತರಕಿ ಸಿಕ್ಕೈತ್ರೀ ಎಂದು ನಕ್ಕ, ನಾನೂ ನಕ್ಕೆ, ನಕ್ಕಾಗಲೂ ಮೊಳೆ ಅಲ್ಲೇ ಇತ್ತು.

ಉಸಿರು ಒಳಗೆ, ಉಸಿರು ಹೊರಗೆ, ಬಿಸಿಲು ಕಿರುಬೆರಳು ದಾಟಿತು — ಇವತ್ತು ಬೆಳಗ್ಗೆ ಆಯಿಗೆ ಹೇಳಿಯೇ ಬಂದಿದ್ದೇನೆ, ಇವತ್ತೂ ಹೊಡದ್ರ ನೌಕರಿ ಬಿಡತೇನಿ, ಈ ಕೈ ನನಗ ಬ್ಯಾಡಾಗೇತಿ. ಅವಳು ಕೊಡ ಇಳಿಸಿ, ಬಿಡು, ಅಪ್ಪನ ಅಡತಿ ಅಂಗಡ್ಯಾಗ ಕುಂತು ಹಮಾಲ್ರನ್ನ ಬೈತಿ, ಕೈ ಅಲ್ಲಿಗೂ ಬರತೈತಿ ಎಂದಳು, ಎಂದು ಒಲೆಯ ಕಡೆಗೆ ಹೋದಳು. ಬಿಟ್ಟರೆ ಏನು ಹೋಗುತ್ತದೆ? ಮೂರನೆಯ ಇಯತ್ತೆಯ ಯಂಕವ್ವ, ಲಕ್ಕಪ್ಪನ ಮಗಳು, ಒಂದನೆಯದರಲ್ಲಿದ್ದಾಗ ಒಂದು ದಿನ ರಸ್ತೆಯಿಂದ ಓಡಿ ಬಂದು, ಏದುಸಿರು ಬಿಡುತ್ತ, ಅಕ್ಕೋರ, ಬಸ್ಸಿನ ಹಣಿ ಮ್ಯಾಲೆ ನಮ್ಮ ಹಾ ಐತ್ರೀ, ಹಾನಗಲ್ಲಿನ ಹಾ — ಅದು ಹೋಗುತ್ತದೆ. ಅದೇ ಯಂಕವ್ವನಿಗೆ ಏಳರ ಮಗ್ಗಿ ಏಳೈದಲೆಗೆ ನಿಲ್ಲುತ್ತದೆ, ದಿನಾ ಅಲ್ಲೇ, ಮುಂದಕ್ಕೆ ಹೋಗುವುದಿಲ್ಲ. ಊಟಕ್ಕೆ ಬಿಡುವಾಗ ನಾನೇ ಕೂಗಿದೆ, ಏಳರ ಮಗ್ಗಿ ಬರಲಾರದೋರು ಉಂಡು ಬಂದು ನನ್ನ ಮುಂದ ಕೈ ಚಾಚಿ ನಿಂದರ್ರಿ. ಕೂಗಿದ್ದು ನಾನೋ, ಮೊಳೆಯೋ. ಬಾಗಿಲಲ್ಲಿ ನೆರಳು, ಹೆಡ್‌ಮಾಸ್ತರ ಕುಬೇರಪ್ಪನವರು, ಅಡಿಕೆಯ ವಾಸನೆ, ಏನ್ರೀ ಸುಶೀಲಾ ಅಕ್ಕೋರ, ಅಂಗೈ ನೋಡಿ ಶಕುನ ಹೇಳಾಕತ್ತೀರೇನು, ನನಗ ವರ್ಗ ಯಾವ ಊರಿಗೆ ಆಗತೈತಿ ಅದನ್ನೂ ಅಷ್ಟು ನೋಡ್ರಿ. ಕಣ್ಣು ಎತ್ತಬಾರದು, ಎತ್ತಲಿಲ್ಲ, ಹಿರೇಕೆರೂರಿಗ್ರೀ ಸರ ಎಂದೆ, ಅವರಿಗೆ ಬೇಡವಾದ ಊರು ಅದು, ಗೊಳ್ಳೆಂದು ನಕ್ಕರು, ನಗು ಮುಗಿಸಿ ಹೇಳಿದರು, ಮುಂಬೈ ಸರಕಾರದಾಗೂ ಛಡಿ ಇತ್ತವಾ, ಮೈಸೂರ ಸರಕಾರದಾಗೂ ಐತಿ, ಮಗ್ಗಿ ತಾನ ಬರೂದಿಲ್ಲ. ಕೆಟ್ಟ ಮನುಷ್ಯನಲ್ಲ. ಅವರಿಗೂ ಕಿವಿಯ ಹಿಂದೆ ಮೊಳೆ ಇರಬಹುದು, ಯಾರೂ ಕೇಳಿರಲಿಕ್ಕಿಲ್ಲ. ಹೋದರು, ಗಂಟೆ ಬಾರಿಸಿದರು, ಅಂಗಳದಲ್ಲಿ ಕಾಲುಗಳ ಸದ್ದು, ರೊಟ್ಟಿಯ ವಾಸನೆ ಹೊತ್ತು ಬರುತ್ತಾರೆ, ಈಗ ಏಳುತ್ತದೆ ಅದು, ಕಿವಿಯ ಹಿಂದೆ, ಬರಲಿ, ನೋಡುತ್ತೇನೆ, ಬಂತು, ಇದೆ, ಅಷ್ಟೇ ಇದೆ, ಬಲಗೈ ಮೇಜಿನ ಮೇಲೆ, ಛಡಿ ಬೆರಳಿಗೆ ತಾಗುವಷ್ಟು ಹತ್ತಿರ, ಎಡಗೈ ಇನ್ನೂ ಇಳಿಸಿಲ್ಲ —

ಕಣ್ಣಿನ ಅಂಚಿನಲ್ಲಿ ಸಾಲು ನಿಂತಿದೆ, ಕೈ ಚಾಚಿದ ಸಾಲು, ಎಲ್ಲ ಎಡಗೈ, ನನ್ನಷ್ಟೇ ಎತ್ತರಕ್ಕೆ, ನನ್ನ ಹಾಗೆಯೇ. ಗದ್ದಲವಿಲ್ಲ, ಯಾಕೆ ಗದ್ದಲವಿಲ್ಲ, ಎಲ್ಲರೂ ನನ್ನ ಅಂಗೈಯನ್ನು ನೋಡುತ್ತಿದ್ದಾರೆ. ಸಾಲಿನ ಮುಂದೆ ಯಂಕವ್ವ. ಪಿಸುದನಿ, ಅಕ್ಕೋರ, ನಿಮಗ ಯಾರು ಹೊಡೀತಾರ್ರೀ? ಸಾಲಿನ ಹಿಂದಿನಿಂದ ಬೀರಪ್ಪ, ಹೆಡ್‌ಮಾಸ್ತರ ಬಂದಿದ್ರಲ್ಲಲೇ, ಆಗಲೇ ಹೊಡದು ಹೋಗ್ಯಾರ. ಅಲ್ಲ, ಪೂಜೆಯ ಕೈ ಇದು, ಎನ್ನಬೇಕು, ಎಂದರೆ ಇವರಿಗೆ ಹೇಗೆ ಗೊತ್ತಾಗಬೇಕು, ಈ ಕೋಣೆಯಲ್ಲಿ ಚಾಚಿದ ಕೈಗೆ ಇರುವುದು ಒಂದೇ ಅರ್ಥ, ಅದನ್ನು ಕಲಿಸಿದ್ದು ನಾನೇ, ಮಗ್ಗಿಗಿಂತ ಚೆನ್ನಾಗಿ. ಭಾಳ ಉರಿಯಾಕತ್ತೈತೇನ್ರಿ, ತಡೀರಿ — ಯಂಕವ್ವ ಬಲಗೈಯಿಂದ ಬಗಲಲ್ಲಿದ್ದ ಬರೆಯುವ ಕಲ್ಲಿನ ಪಾಟಿ ತೆಗೆದಳು, ಲಂಗಕ್ಕೆ ಒರೆಸಿದಳು, ನನ್ನ ಅಂಗೈ ಮೇಲೆ ಅಂಗಾತ ಇಟ್ಟು ಒತ್ತಿದಳು, ಏಟು ತಿಂದ ಮೇಲೆ ಅವರು ಮೂಲೆಯಲ್ಲಿ ಕೂತು ಹೀಗೆಯೇ ಮಾಡಿಕೊಳ್ಳುತ್ತಾರೆ ಎಂದು ಕಾಣುತ್ತದೆ, ನಾನು ನೋಡಿರಲಿಲ್ಲ, ಕಲ್ಲು ತಣ್ಣಗಿದೆ, ಎಷ್ಟು ತಣ್ಣಗಿದೆ, ಪಾಟಿ ಜಾರುತ್ತದೆಂದು ಬಲಗೈ ಮೇಜು ಬಿಟ್ಟು ಬಂದು ಅದರ ಅಂಚು ಹಿಡಿಯಿತು, ಈಗ ಎರಡೂ ಕೈ ಪಾಟಿಯಲ್ಲಿವೆ, ಅವಳ ಬಲಗೈ ಮೇಲಿನಿಂದ ಒತ್ತುತ್ತಿದೆ, ಆರಿತೇನ್ರಿ ಎನ್ನುತ್ತಾಳೆ, ಮತ್ತು ಅವಳ ಎಡಗೈ, ಅದು ಇನ್ನೂ ಚಾಚಿಯೇ ಇದೆ, ತನ್ನ ಪಾಳಿಗೆ ಕಾಯುತ್ತ, ಚಾಚಿಯೇ ಇದೆ